ನೆಲಮಾಳಿಗೆಯ ಭಾನುವಾರ

‘ವಾಲ್ಟ್ಸ್ ಫಾರ್ ಡೆಬಿ’ ರೆಕಾರ್ಡು ಶುರುವಾಗುವುದು ‘ಮೈ ಫೂಲಿಷ್ ಹಾರ್ಟ್’ ಎಂಬ ವಿಳಂಬಗತಿಯ ಹಾಡಿನಿಂದ. ಬಿಲ್ ಇವಾನ್ಸ್ ಪಿಯಾನೊದ ಮೇಲೆ ಸ್ವರಗಳನ್ನು ಒಂದೊಂದಾಗಿ ಇಳಿಬಿಡುತ್ತಾರೆ. ಪಾಲ್ ಮೋಟಿಯನ್ ಡ್ರಮ್ಮಿನ ಮೇಲೆ ತಂತಿಯ ಬ್ರಷ್ಷು ಸವರುತ್ತಿರುತ್ತಾರೆ, ಹೊರಗೆ ಸಣ್ಣ ಮಳೆ ಹಿಡಿದ ಹಾಗೆ. ಸ್ಕಾಟ್ ಲಫಾರೊ ಅವರ ಡಬಲ್ ಬಾಸ್ ಬೇಕಾದಲ್ಲಿ ಮಾತ್ರ ಒಂದು ಮಾತು ಆಡಿ ಸುಮ್ಮನಾಗುತ್ತದೆ. ಅಂಥ ಹೊತ್ತಿನಲ್ಲಿ ಹಿಂದಿನ ಯಾವುದೋ ಮೇಜಿನಲ್ಲಿ ಗಾಜಿನ ಲೋಟ ಟಿಣ್ ಎನ್ನುತ್ತದೆ. ಯಾರೋ ಪಿಸುಗುಡುತ್ತಾರೆ.

ಮೂವತ್ತು ವರ್ಷದ ಹಿಂದೆ, ಸ್ನೇಹಿತರೊಬ್ಬರು ತುಂಬಿಸಿಕೊಟ್ಟ ಕ್ಯಾಸೆಟ್ಟಿನಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಇಂಥ ಸಂಗೀತ ಎದುರಿಗೆ ನಡೆಯುತ್ತಿರುವಾಗ ಹರಟೆ ಹೊಡೆಯಲು ಇವರಿಗೆ ಮನಸ್ಸಾದರೂ ಹೇಗೆ ಬಂತು ಅನ್ನಿಸಿತ್ತು. ಈಗ ಆ ಲೋಟದ ಸದ್ದಿಲ್ಲದ ‘ಮೈ ಫೂಲಿಷ್ ಹಾರ್ಟ್’ ಬೇಡ ಅನ್ನುವಷ್ಟು ಅದು ಮೈಗೆ ಹತ್ತಿಹೋಗಿದೆ. ಬೇರೆ ಯಾರಾದರೂ ಆ ಹಾಡನ್ನು ಎಷ್ಟೇ ಚೆನ್ನಾಗಿ ನುಡಿಸಲಿ, ಆ ಟಿಣ್ ಬರುವ ಜಾಗದಲ್ಲಿ ನನ್ನ ಕಿವಿ ಕಾಯುತ್ತಿರುತ್ತದೆ.

ಅವತ್ತು 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ, ಸೆವೆಂತ್ ಅವೆನ್ಯೂ ಸೌತ್ ರಸ್ತೆಯಲ್ಲಿರುವ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆ. ಮ್ಯಾಕ್ಸ್ ಗಾರ್ಡನ್ ಎಂಬುವರು 1935ರಿಂದ ಅದೇ ಜಾಗದಲ್ಲಿ ನಡೆಸಿಕೊಂಡು ಬಂದಿದ್ದ ಕ್ಲಬ್ಬು ಅದು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು, ಬೀಸಣಿಗೆ ಬಿಚ್ಚಿಟ್ಟ ಆಕಾರದ ಕೋಣೆ. ಕಿರಿದಾದ ತುದಿಯಲ್ಲಿ ವೇದಿಕೆ. ಇವಾನ್ಸ್ ತಂಡಕ್ಕೆ ಅಂದು ಆ ಕ್ಲಬ್ಬಿನಲ್ಲಿ ಕೊನೆಯ ದಿನ. ರಿವರ್‌ಸೈಡ್ ಕಂಪನಿಯ ಒರಿನ್ ಕೀಪ್‌ನ್ಯೂಸ್ ಧ್ವನಿಮುದ್ರಣದ ಸಲಕರಣೆ ಹೊರಿಸಿಕೊಂಡು ಬಂದರು. ಮಧ್ಯಾಹ್ನ ಎರಡು, ರಾತ್ರಿ ಮೂರು, ಒಟ್ಟು ಐದು ಸರದಿ ನುಡಿಸಿದರು. ಹೆಚ್ಚುಕಡಿಮೆ ಅಷ್ಟೂ ಟೇಪಿಗೆ ಬಂತು. ಅದರಿಂದಲೇ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಮತ್ತು ‘ವಾಲ್ಟ್ಸ್ ಫಾರ್ ಡೆಬಿ’ ಎಂಬ ಎರಡು ಎಲ್‌ಪಿಗಳಾದವು.

ಹನ್ನೊಂದು ದಿನ ಕಳೆದು, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಇಪ್ಪತ್ತೈದು ವರ್ಷ. ಇವಾನ್ಸ್ ತಿಂಗಳುಗಟ್ಟಲೆ ವೇದಿಕೆ ಹತ್ತಲಿಲ್ಲ.

ಅಲ್ಲಿಯವರೆಗೆ ಡಬಲ್ ಬಾಸ್‌ನವರ ಕೆಲಸವೆಂದರೆ ಹೆಚ್ಚಾಗಿ ತಾಳಕ್ಕೆ ಹೆಜ್ಜೆ ಹಾಕುತ್ತ ಕೆಳಗಿನ ಸ್ವರಗಳನ್ನು ಹಾಸಿಕೊಡುವುದು. ಲಫಾರೊ ಹಾಗೆ ನಡೆಯಲು ಒಪ್ಪಲಿಲ್ಲ. ಪಿಯಾನೊ ಒಂದು ವಾಕ್ಯ ಹೇಳಿದರೆ ಇವರು ಅದಕ್ಕೆ ಎದುರು ವಾಕ್ಯ ಹೇಳುತ್ತಾರೆ. ಒಮ್ಮೊಮ್ಮೆ ಪಿಯಾನೊಗಿಂತ ಮೊದಲೇ ಮಾತು ಎತ್ತಿಬಿಡುತ್ತಾರೆ. ಪಕ್ಕವಾದ್ಯದವರು ಎದ್ದುಬಂದು ಗಾಯಕರ ಜಮಖಾನದ ಮೇಲೆಯೇ ಕೂತ ಹಾಗೆ. ಮೋಟಿಯನ್ ತಾಳವನ್ನು ಹಿಡಿದುಕೊಂಡಿದ್ದಾರೋ ಬಿಟ್ಟಿದ್ದಾರೋ ತಿಳಿಯದು, ಆದರೆ ಲಯ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಇದೇ ಮೂವರು 1959ರ ಡಿಸೆಂಬರಿನಲ್ಲಿ ಸ್ಟುಡಿಯೊದಲ್ಲಿ ಮಾಡಿದ ‘ಪೋರ್ಟ್ರೇಟ್ ಇನ್ ಜಾಝ್’ ಇದೆ. ಅದರಲ್ಲಿನ ‘ಆಟಮ್ ಲೀವ್ಸ್’ ಕೇಳಿದವರಿಗೆ ಈ ಸಂಭಾಷಣೆಯ ಬೀಜ ಅಲ್ಲೇ ಸಿಗುತ್ತದೆ. ಅದನ್ನು ನಾನು ಮೆಚ್ಚುತ್ತೇನೆ. ಆದರೆ ವ್ಯಾನ್‌ಗಾರ್ಡಿನದು ನನ್ನ ಜೊತೆ ಬಾಳುವೆ ಮಾಡಿಕೊಂಡು ಬಂದಿರುವ ರೆಕಾರ್ಡು. ಜ್ವರ ಬಂದಾಗ, ಮನೆ ಬದಲಾಯಿಸಿದಾಗ, ಅಪ್ಪ ತೀರಿಕೊಂಡ ವಾರದಲ್ಲಿ ಕೇಳಿದ್ದು ಅದನ್ನೇ.

ಮೂವತ್ತು ವರ್ಷದ ಕೇಳುವಿಕೆಯಿಂದ ನನ್ನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯವಿದೆ. ಜಾಝ್‌ನಲ್ಲಿ ಹಾಡಿಗಿಂತ ಹೊತ್ತು ದೊಡ್ಡದು. ಒಂದು ರೆಕಾರ್ಡು ಆ ದಿನದ ಆ ಹೊತ್ತನ್ನು, ಅಲ್ಲಿದ್ದ ಜನರನ್ನು, ಆ ಕೋಣೆಯ ಗಾಳಿಯನ್ನು ಎಷ್ಟರಮಟ್ಟಿಗೆ ಹಿಡಿದಿಟ್ಟಿದೆ ಅನ್ನುವುದರ ಮೇಲೆ ನಾನು ಅದಕ್ಕೆ ಬೆಲೆ ಕಟ್ಟುತ್ತೇನೆ. ಹಾಗೆಂದು ಸ್ಟುಡಿಯೊ ರೆಕಾರ್ಡುಗಳ ಮೇಲೆ ನನಗೆ ಹಗೆಯಿಲ್ಲ. ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೊದಲ್ಲಿ ಎರಡೇ ದಿನಗಳಲ್ಲಿ ಆದದ್ದು. ಅದರ ಮೇಲೆ ನಾನೇನು ಹೇಳಲಿ, ಎಲ್ಲರೂ ಹೇಳಿಯಾಗಿದೆ. ಅಲ್ಲೂ ಒಂದು ಅವಘಡ ನಡೆದುಹೋಗಿತ್ತು. ಮೊದಲ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿದ್ದರಿಂದ ಎಲ್‌ಪಿಯ ಮೊದಲ ಮಗ್ಗುಲಿನ ಶ್ರುತಿ ಇರಬೇಕಾದದ್ದಕ್ಕಿಂತ ತುಸು ಏರಿಹೋಯಿತು. 1990ರ ದಶಕದಲ್ಲಿ ಸರಿಪಡಿಸುವವರೆಗೆ ಜಗತ್ತೆಲ್ಲ ಮೂರು ದಶಕ ಅದನ್ನೇ ಕೇಳಿ ಕಣ್ಣು ಮುಚ್ಚಿ ತಲೆದೂಗಿತು.

ನನ್ನ ಸೋದರಮಾವ ಮೈಸೂರಿನವರು. ಮೃದಂಗ ನುಡಿಸುತ್ತಿದ್ದರು. ಹೆಸರು ಮಾಡಿದವರಲ್ಲ. ಮದುವೆಮನೆ, ರಾಮನವಮಿ ಚಪ್ಪರ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಚೀಲ ಹೆಗಲಿಗೇರಿಸಿ ಹೋಗುತ್ತಿದ್ದವರು. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವ ಬಂತೆಂದರೆ ಅಷ್ಟೂ ದಿನ ಮುಂದಿನ ಸಾಲಿನಲ್ಲಿ ಕೇಳುಗರಾಗಿ ಹಾಜರು. ನಾನು ರಜೆಗೆ ಹೋದಾಗಲೆಲ್ಲ ಒಂದೆರಡು ಜಾಝ್ ರೆಕಾರ್ಡು ಒಯ್ಯುತ್ತಿದ್ದೆ. ಅವರಿಗೆ ಪಿಯಾನೊ ಅಂದರೆ ಅಷ್ಟಕ್ಕಷ್ಟೆ, “ಗಮಕ ಇಲ್ದಿರೋ ವಾದ್ಯ” ಅನ್ನುತ್ತಿದ್ದರು. ಆದ್ದರಿಂದ ಒಂದು ಸಲ ಡ್ಯೂಕ್ ಎಲಿಂಗ್ಟನ್ ತೆಗೆದುಕೊಂಡು ಹೋದೆ. 1956ರ ಜುಲೈ 7ರ ರಾತ್ರಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಅವರ ವಾದ್ಯವೃಂದ ನುಡಿಸಿದ ‘ಡಿಮಿನ್ಯುಯೆಂಡೊ ಅಂಡ್ ಕ್ರೆಶೆಂಡೊ ಇನ್ ಬ್ಲೂ’.

ಇದು ಎಲಿಂಗ್ಟನ್ 1937ರಲ್ಲಿ ಬರೆದ ಎರಡು ಭಾಗದ ಕೃತಿ. ಎರಡರ ನಡುವೆ ಟೆನರ್ ಸ್ಯಾಕ್ಸೊಫೋನಿನ ಪಾಲ್ ಗೊನ್ಸಾಲ್ವೆಸ್ ಒಬ್ಬರೇ ಎದ್ದು ನಿಂತು ಮನೋಧರ್ಮಕ್ಕೆ ತೊಡಗುತ್ತಾರೆ. ಬ್ಲೂಸ್‌ನ ಒಂದು ಸುತ್ತು ಅಂದರೆ ಹನ್ನೆರಡು ಬಾರ್, ಒಂದೊಂದು ಬಾರಿಗೆ ನಾಲ್ಕು ಪೆಟ್ಟು.

ಮಾವ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದರು. ಎರಡು ಸುತ್ತು ಆಗುತ್ತಿದ್ದಂತೆ ಮುಖ ಅರಳಿತು. “ನಲವತ್ತೆಂಟು ಅಕ್ಷರ ಕಣೋ. ಆರು ಆದಿತಾಳ. ಆರು ಆವರ್ತಕ್ಕೊಂದು ಸಲ ಮೊದಲಿಗೆ ಬರ್ತಾನೆ.” ಎದ್ದು ಹೋಗಿ ಅಡುಗೆಮನೆಯ ಬಾಗಿಲಿಗೆ ನೇತುಹಾಕಿದ್ದ, ಹಾಲಿನ ಲೆಕ್ಕದ ಕ್ಯಾಲೆಂಡರನ್ನು ತಂದರು. ಹಳೆಯ ತಿಂಗಳೊಂದರ ಹಾಳೆ ಮಗುಚಿ, ಪೆನ್ಸಿಲ್ ಹಿಡಿದು, “ಮೊದಲಿಂದ ಹಾಕು” ಅಂದರು. ಎಡಗೈಯಲ್ಲಿ ತಾಳ, ಆರು ಆವರ್ತ ಮುಗಿದಾಗಲೆಲ್ಲ ಬಲಗೈಯಲ್ಲಿ ಒಂದು ಗೀಟು. ಹತ್ತು ಗೀಟಾಯಿತು. ಹದಿನೈದಾಯಿತು. ರೆಕಾರ್ಡಿನಲ್ಲಿ ಜನರ ಕೂಗು ಏರತೊಡಗಿತು. ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಇಪ್ಪತ್ತು. ಮಾವನ ಹಣೆಯಲ್ಲಿ ಬೆವರು. ಮುಗಿದಾಗ ಎಣಿಸಿದರೆ ಇಪ್ಪತ್ತಾರು ಗೀಟು. “ಎಲ್ಲೋ ಒಂದು ತಪ್ಪಿಸ್ದೆ” ಅಂತ ಮತ್ತೆ ಹಾಕಿಸಿದರು. ಈ ಸಲ ಇಪ್ಪತ್ತೇಳು. ಅದೇ ಸರಿ. ಗೊನ್ಸಾಲ್ವೆಸ್ ಅಂದು ಎಡೆಬಿಡದೆ ನುಡಿಸಿದ್ದು ಇಪ್ಪತ್ತೇಳು ಸುತ್ತು, ಸುಮಾರು ಆರು ನಿಮಿಷ. ಮಾವನ ಲೆಕ್ಕದಲ್ಲಿ 162 ಆದಿತಾಳದ ಆವರ್ತ.

“ನಿಮಗೆ ಹೇಗನ್ನಿಸ್ತು ಮಾವ?” ಅಂದೆ.

“ಊದ್ತಿರೋದು ಅವನಲ್ಲ ಕಣೋ” ಅಂದರು. “ಜನ ಊದಿಸ್ತಿದಾರೆ. ನಿಲ್ಸೋಕೆ ಅವನ ಕೈಲಿಲ್ಲ ಅದು.”

ಅಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿದ್ದು ನಾನು ಓದಿಲ್ಲ. ಅಂದು ನ್ಯೂಪೋರ್ಟಿನ ಸಭೆಯಲ್ಲಿದ್ದ ಹೆಂಗಸೊಬ್ಬರು ಎದ್ದು ಕುಣಿಯತೊಡಗಿದ್ದರು. ಅವರನ್ನು ನೋಡಿ ಹಿಂದಿದ್ದವರೂ ಎದ್ದರು. ಹೊರಟುಹೋಗುತ್ತಿದ್ದವರು ತಿರುಗಿ ಬಂದರು. ಉತ್ಸವ ನಡೆಸುತ್ತಿದ್ದ ಜಾರ್ಜ್ ವೀನ್, ಜನ ಎಲ್ಲಿ ಕೈಮೀರಿ ಹೋಗುತ್ತಾರೋ ಎಂದು ಹೆದರಿ ನಿಲ್ಲಿಸಲು ಸನ್ನೆ ಮಾಡಿದರೆ ಎಲಿಂಗ್ಟನ್ ಒಪ್ಪಲಿಲ್ಲ. ಇನ್ನೇನು ಅವರ ಕಾಲ ಮುಗಿಯಿತು ಎಂದು ಮಾತಾಡಿಕೊಳ್ಳುತ್ತಿದ್ದ ದಿನಗಳವು. ಮುಂದಿನ ತಿಂಗಳು ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು.

ಈಗ ಹೇಳುವುದನ್ನು ಕೇಳಿ ಮಾವ ತುಂಬ ನೊಂದುಕೊಂಡರು. ವರ್ಷಗಟ್ಟಲೆ ಜನ ಮನೆಮನೆಯಲ್ಲಿ ಕೇಳಿದ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಎಲ್‌ಪಿಯಲ್ಲಿ ಬಹುಪಾಲು ನ್ಯೂಪೋರ್ಟಿನದಲ್ಲ. ಉತ್ಸವದ ಮುದ್ರಣ ಚೆನ್ನಾಗಿ ಬಂದಿಲ್ಲವೆಂದು ಎರಡು ದಿನ ಬಿಟ್ಟು ತಂಡವನ್ನು ಸ್ಟುಡಿಯೊಗೆ ಕರೆಸಿ, ಹಲವು ಭಾಗ ಮತ್ತೆ ನುಡಿಸಿ, ಅದಕ್ಕೆ ಚಪ್ಪಾಳೆ ಅಂಟಿಸಿದ್ದರು. ಗೊನ್ಸಾಲ್ವೆಸ್‌ರ ಇಪ್ಪತ್ತೇಳು ಸುತ್ತನ್ನು ಮಾತ್ರ ಮತ್ತೆ ಮಾಡಲು ಯಾರಿಂದಲೂ ಸಾಧ್ಯವಿರಲಿಲ್ಲ. ಅದನ್ನು ಹಾಗೇ ಉಳಿಸಿದರು. ಆದರೆ ಅದು ದೂರದಿಂದ ಕೇಳಿದ ಹಾಗೆ ಮಸುಕು. ಕಾರಣ, ಅವರು ಎದುರಿಗಿದ್ದ ಎರಡು ಮೈಕುಗಳಲ್ಲಿ ಬೇರೆಯದರ ಮುಂದೆ ನಿಂತು ನುಡಿಸಿದ್ದರು. ಕೊಲಂಬಿಯಾ ಕಂಪನಿಯ ಮೈಕು ಬಿಟ್ಟು ವಾಯ್ಸ್ ಆಫ್ ಅಮೆರಿಕ ರೇಡಿಯೊದ ಮೈಕು. ರೇಡಿಯೊದವರ ಟೇಪು ಆಮೇಲೆ ಸಿಕ್ಕಿತು. ಎರಡೂ ಟೇಪುಗಳನ್ನು ತಾಳೆ ಹಾಕಿ ಒಂದನ್ನು ಎಡ ಕಿವಿಗೆ, ಒಂದನ್ನು ಬಲ ಕಿವಿಗೆ ಹೊಂದಿಸಿ, 1999ರಲ್ಲಿ ಆ ಇಡೀ ರಾತ್ರಿಯನ್ನು ಸ್ಟೀರಿಯೊದಲ್ಲಿ ಹೊರತಂದರು. ನಾನು ಮೈಸೂರಿಗೆ ಒಯ್ದಿದ್ದು ಅದನ್ನೇ. ಜಾಝ್ ಕೇಳಲು ಹೊಸದಾಗಿ ಶುರುಮಾಡುವವರಿಗೆ ಒಂದೇ ಒಂದು ಹೇಳು ಅಂದರೆ ನಾನು ಹೇಳುವುದು ಈ ಜೋಡಿ ಸಿಡಿಯನ್ನು. ಎಲ್‌ಪಿಯಲ್ಲ, ಇದು.

ಸುಳ್ಳು ಹೇಳಿದ ರೆಕಾರ್ಡು ಅದೊಂದೇ ಅಲ್ಲ. ಕ್ಯಾನನ್‌ಬಾಲ್ ಆಡರ್ಲಿಯವರ ‘ಮರ್ಸಿ, ಮರ್ಸಿ, ಮರ್ಸಿ’ಯ ಹೊದಿಕೆಯ ಮೇಲೆ ‘ದ ಕ್ಲಬ್’ನಲ್ಲಿ ನೇರ ಮುದ್ರಣ ಎಂದು ಬರೆದಿದೆ. ಅದು ಶಿಕಾಗೋದಲ್ಲಿದ್ದ ಕ್ಲಬ್ಬು. ಮುದ್ರಣ ನಡೆದದ್ದು 1966ರಲ್ಲಿ, ಲಾಸ್ ಏಂಜಲೀಸಿನ ಸ್ಟುಡಿಯೊದಲ್ಲಿ. ಆದರೆ ಅಲ್ಲಿ ಜನ ನಿಜವಾಗಿಯೂ ಇದ್ದರು. ಆಮಂತ್ರಣ ಕೊಟ್ಟು ಕರೆಸಿ, ಕುಡಿಯಲು ಕೊಟ್ಟು ಕೂರಿಸಿದ್ದರು. ಜೋ ಝಾವಿನುಲ್ ಅವರ ಎಲೆಕ್ಟ್ರಿಕ್ ಪಿಯಾನೊ ಆ ರಾಗ ಎತ್ತಿದಾಗ ಏಳುವ ಕೂಗು ಅಂಟಿಸಿದ್ದಲ್ಲ. ಜಾಗದ ಹೆಸರು ಸುಳ್ಳು, ಜನ ನಿಜ. ನಾನು ಇದನ್ನು ಕ್ಷಮಿಸುತ್ತೇನೆ, ನ್ಯೂಪೋರ್ಟಿನ ಎಲ್‌ಪಿಯನ್ನು ಕ್ಷಮಿಸಲಾರೆ.

ಚಾರ್ಲ್ಸ್ ಮಿಂಗಸ್ ಇದನ್ನೇ ತಿರುಗಾಮುರುಗಾ ಮಾಡಿದರು. 1960ರ ಅಕ್ಟೋಬರಿನಲ್ಲಿ ‘ಚಾರ್ಲ್ಸ್ ಮಿಂಗಸ್ ಪ್ರೆಸೆಂಟ್ಸ್ ಚಾರ್ಲ್ಸ್ ಮಿಂಗಸ್’ ಮಾಡುವಾಗ ಸ್ಟುಡಿಯೊದಲ್ಲಿ ಕೇಳುಗರು ಯಾರೂ ಇಲ್ಲ. ಆದರೂ ಅವರು ದೀಪ ಕಡಿಮೆ ಮಾಡಿಸಿ, ಕ್ಲಬ್ಬಿನಲ್ಲಿ ನಿಂತ ಹಾಗೆಯೇ ನಿಂತು, ಎದುರಿಲ್ಲದ ಸಭಿಕರಿಗೆ ಹೇಳುತ್ತಾರೆ: ಚಪ್ಪಾಳೆ ತಟ್ಟಬೇಡಿ, ಲೋಟದ ಐಸು ಅಲ್ಲಾಡಿಸಬೇಡಿ, ಗಲ್ಲಾಪೆಟ್ಟಿಗೆಯ ಗಂಟೆ ಬಾರಿಸಬೇಡಿ. ಬಾಯಿಗೆ ಬಂದದ್ದನ್ನು ಹೇಳಿ ನಡೆವ ಮನುಷ್ಯ ಮಿಂಗಸ್, ಕ್ಲಬ್ಬುಗಳಲ್ಲಿ ಹರಟುವವರ ಮೇಲೆ ಹರಿಹಾಯುವುದಕ್ಕೆ ಹೆಸರಾದವರು. ಯಾರೂ ಇಲ್ಲದ ಕೋಣೆಯಲ್ಲೂ ಅವರಿಗೆ ಆ ಜನ ಬೇಕಾಯಿತು. ಬೈಯಲಾದರೂ ಬೇಕಾಯಿತು. ಎರಿಕ್ ಡಾಲ್ಫಿ ಅದರಲ್ಲಿ ಬಾಸ್ ಕ್ಲಾರಿನೆಟ್ ಹಿಡಿದು ಮಿಂಗಸ್‌ರ ಡಬಲ್ ಬಾಸ್ ಜೊತೆ ಥೇಟ್ ಇಬ್ಬರು ಮನುಷ್ಯರ ಹಾಗೆ ಜಗಳವಾಡುತ್ತಾರೆ. ನಾನು ಕೇಳಿದ ಅತ್ಯಂತ ಮಾನವೀಯ ಜಗಳ ಅದು.

ವಾಯ್ಸ್ ಆಫ್ ಅಮೆರಿಕದ ಮೈಕಿಗೆ ನಾವು ಸಲ್ಲಿಸಬೇಕಾದ ಋಣ ಇನ್ನೊಂದಿದೆ. 1957ರ ಬೇಸಿಗೆಯಿಂದ ಕೆಲವು ತಿಂಗಳು ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಸಣ್ಣ ಜಾಗದಲ್ಲಿ ಥೆಲೋನಿಯಸ್ ಮಂಕ್ ಜೊತೆ ಜಾನ್ ಕೋಲ್ಟ್ರೇನ್ ನುಡಿಸುತ್ತಿದ್ದರು. ಹೆರಾಯಿನ್ ಚಟದಿಂದಾಗಿ ಮೈಲ್ಸ್ ಡೇವಿಸ್ ತಂಡದಿಂದ ಹೊರಬಿದ್ದು, ಚಟ ಬಿಟ್ಟು, ಮಂಕ್ ಎದುರು ಶಿಷ್ಯನಂತೆ ನಿಂತ ಕೋಲ್ಟ್ರೇನ್. ಕೇಳಿದವರು ಜನ್ಮವಿಡೀ ಅದರ ಮಾತಾಡಿದರು, ಕೇಳದವರಿಗೆ ಅದು ಬರೀ ಕತೆಯಾಗಿ ಉಳಿಯಿತು. ಆ ವರ್ಷ ನವೆಂಬರ್ 29ರಂದು ಅದೇ ತಂಡ ಕಾರ್ನೆಗಿ ಹಾಲಿನಲ್ಲಿ ನುಡಿಸಿದ್ದನ್ನು ವಾಯ್ಸ್ ಆಫ್ ಅಮೆರಿಕದವರು ಮುದ್ರಿಸಿಕೊಂಡಿದ್ದರು. ಟೇಪು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ಕಪಾಟಿನಲ್ಲಿ ಕೂತಿತು. 2005ರಲ್ಲಿ ಅಲ್ಲಿನ ಸಿಬ್ಬಂದಿಯಾದ ಲ್ಯಾರಿ ಆಪಲ್‌ಬಾಮ್ ಹಳೆಯ ಟೇಪುಗಳನ್ನು ಹೊಸ ಮಾಧ್ಯಮಕ್ಕೆ ಇಳಿಸುತ್ತಿದ್ದಾಗ ಕಣ್ಣಿಗೆ ಬಿತ್ತು. ಹೆಚ್ಚುಕಡಿಮೆ ಅರ್ಧ ಶತಮಾನ. ಆ ಸಿಡಿ ಮನೆಗೆ ಬಂದ ದಿನ ನಾನು ಹೊದಿಕೆ ಬಿಚ್ಚದೆ ಸಂಜೆಯವರೆಗೆ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಮಂಕ್ ಎಷ್ಟು ಸಂತೋಷವಾಗಿದ್ದಾರೆ ಅದರಲ್ಲಿ! ಅವರ ಮುಳ್ಳುಮುಳ್ಳು ಸ್ವರಗಳ ಸಂದಿಯಲ್ಲಿ ಕೋಲ್ಟ್ರೇನ್ ಹೊಳೆ ನುಗ್ಗಿದ ಹಾಗೆ ನುಗ್ಗುತ್ತಾರೆ.

ನಾಲ್ಕು ವರ್ಷ ಕಳೆದು, 1961ರ ನವೆಂಬರಿನಲ್ಲಿ, ಕೋಲ್ಟ್ರೇನ್ ಬಂದದ್ದು ಅದೇ ವ್ಯಾನ್‌ಗಾರ್ಡಿಗೆ. ಇವಾನ್ಸ್‌ರ ಭಾನುವಾರ ಕಳೆದು ನಾಲ್ಕೂವರೆ ತಿಂಗಳು ತುಂಬಿರಲಿಲ್ಲ. ಅದೇ ನೆಲಮಾಳಿಗೆ, ಅದೇ ಮೇಜು ಕುರ್ಚಿ. ‘ಚೇಸಿನ್ ದ ಟ್ರೇನ್’ನಲ್ಲಿ ಪಿಯಾನೊ ಇಲ್ಲ. ಜಿಮ್ಮಿ ಗ್ಯಾರಿಸನ್‌ರ ಬಾಸು, ಎಲ್ವಿನ್ ಜೋನ್ಸ್‌ರ ಡ್ರಮ್ಸು, ಹದಿನಾರು ನಿಮಿಷ ಎಲ್ಲೂ ದಮ್ಮು ಬಿಡದ ಸ್ಯಾಕ್ಸೊಫೋನು. ‘ಡೌನ್‌ಬೀಟ್’ ಪತ್ರಿಕೆಯ ವಿಮರ್ಶಕರೊಬ್ಬರು ಆಗಿನ ಕೋಲ್ಟ್ರೇನ್ ಸಂಗೀತವನ್ನು ಜಾಝ್ ವಿರೋಧಿ ಎಂದು ಜರೆದಿದ್ದರು. ಅದೇ ದಿನಗಳಲ್ಲಿ ಅಲ್ಲೇ ನುಡಿಸಿದ ಇನ್ನೊಂದರ ಹೆಸರು ‘ಇಂಡಿಯಾ’. ಪಂಡಿತ್ ರವಿಶಂಕರ್ ಅವರ ಮೇಲಿನ ಗೌರವಕ್ಕೆ ಮಗನಿಗೆ ರವಿ ಎಂದು ಹೆಸರಿಟ್ಟ ಮನುಷ್ಯ. ಆ ಮುದ್ರಣದಲ್ಲಿ ಲೋಟದ ಸದ್ದು ಹುಡುಕಿದರೂ ನನಗೆ ಸಿಗುವುದಿಲ್ಲ. ಎಲ್ವಿನ್ ಜೋನ್ಸ್ ಎದುರು ಯಾವ ಲೋಟ ಕೇಳೀತು!

ಎಲಾ ಫಿಟ್ಸ್‌ಜೆರಾಲ್ಡ್ ಅವರ ಮಾತು ಸಣ್ಣದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಕೇಳಿಯೇ ತಿಳಿಯಬೇಕು. 1960ರ ಫೆಬ್ರುವರಿ 13, ಬರ್ಲಿನ್. ‘ಮ್ಯಾಕ್ ದ ನೈಫ್’ ಹಾಡುತ್ತ ಅರ್ಧದಲ್ಲಿ ಸಾಹಿತ್ಯ ಮರೆತುಹೋಗುತ್ತದೆ. ಆಕೆ ನಿಲ್ಲುವುದಿಲ್ಲ. ಮರೆತೆನೆಂಬುದನ್ನೇ ತಾಳಕ್ಕೆ ಹೊಂದಿಸಿ ಹಾಡುತ್ತಾರೆ, ಲೂಯಿ ಆರ್ಮ್‌ಸ್ಟ್ರಾಂಗ್ ಗಂಟಲನ್ನು ಅನುಕರಿಸುತ್ತಾರೆ, ಸಲೀಸಾಗಿ ದಡ ಸೇರುತ್ತಾರೆ. ಆ ಮುದ್ರಣಕ್ಕೆ ಗ್ರ್ಯಾಮಿ ಬಂತು. ನೆನಪಿನ ಶಕ್ತಿ ಕೈಕೊಟ್ಟಾಗ ವಿದ್ಯೆ ಕೈಹಿಡಿಯುವುದನ್ನು ಅಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ರೆಕಾರ್ಡು ನನಗೆ ಗೊತ್ತಿಲ್ಲ.

ಕೀತ್ ಜಾರೆಟ್ ವಿಷಯಕ್ಕೆ ಬಂದರೆ ನನ್ನ ಮನಸ್ಸು ಎರಡಾಗುತ್ತದೆ. 1975ರ ಜನವರಿ 24ರಂದು ಜರ್ಮನಿಯ ಕೊಲೋನ್ ನಗರದ ಒಪೆರಾ ಮಂದಿರದಲ್ಲಿ ಅವರ ಒಂಟಿ ಪಿಯಾನೊ ಕಛೇರಿ ಇತ್ತು. ಏರ್ಪಡಿಸಿದ್ದು ವೆರಾ ಬ್ರಾಂಡೆಸ್ ಎಂಬ ಹದಿನೆಂಟರ ಹುಡುಗಿ. ಜಾರೆಟ್ ಕೇಳಿದ್ದ ಪಿಯಾನೊ ಬದಲು ಅಭ್ಯಾಸಕ್ಕೆ ಇಟ್ಟಿದ್ದ ಸಣ್ಣ ಪಿಯಾನೊ ವೇದಿಕೆಗೆ ಬಂದಿತ್ತು. ಮೇಲಿನ ಸ್ವರಗಳು ತಗಡು ಬಡಿದ ಹಾಗೆ, ಕೆಳಗಿನವಕ್ಕೆ ತೂಕವಿಲ್ಲ, ಪೆಡಲು ಸರಿಯಿಲ್ಲ. ಜಾರೆಟ್‌ಗೆ ಬೆನ್ನುನೋವು, ನಿದ್ದೆಯಿಲ್ಲ. ಒಲ್ಲೆನೆಂದು ಹೊರಟೇಬಿಟ್ಟಿದ್ದರು. ಹುಡುಗಿ ಕಾಡಿ ಬೇಡಿ ಒಪ್ಪಿಸಿದಳು. ರಾತ್ರಿ ಹನ್ನೊಂದೂವರೆಗೆ ಕೂತವರು, ಮೇಲಿನ ಸ್ವರಗಳನ್ನು ಆದಷ್ಟು ಬಿಟ್ಟು ನಡುವಿನ ಸ್ಥಾಯಿಯಲ್ಲೇ ತಿರುಗುತ್ತ, ಎಡಗೈಯಲ್ಲಿ ಒಂದೇ ಸಂಚಾರವನ್ನು ಜಪದ ಹಾಗೆ ಹಿಡಿದು, ಒಂದು ಗಂಟೆಗೂ ಮೀರಿ ಅಲ್ಲೇ ಹುಟ್ಟಿಸಿ ನುಡಿಸಿದರು. ‘ಕೊಲೋನ್ ಕಾನ್ಸರ್ಟ್’ 35 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಶುರುವಿನಲ್ಲೇ ಸಭೆಯಿಂದ ಸಣ್ಣ ನಗು ಕೇಳುತ್ತದೆ. ಜನರನ್ನು ಒಳಗೆ ಕರೆಯಲು ಬಾರಿಸುವ ಆ ಮಂದಿರದ ಗಂಟೆಯ ರಾಗವನ್ನೇ ಅವರು ಎತ್ತಿಕೊಂಡದ್ದಕ್ಕೆ ಬಂದ ನಗು.

ಅಂಥವರು ಮುಂದೆ ಕೆಮ್ಮಿದವರ ಮೇಲೆ ರೇಗುವವರಾದರು. ಕ್ಯಾಮೆರಾ ಬೆಳಕು ಕಂಡರೆ ಎದ್ದು ನಡೆಯುವವರಾದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಏನೂ ಇಲ್ಲದ ಕಡೆಯಿಂದ ಸಂಗೀತ ತೆಗೆಯುವವರಿಗೆ ಒಂದು ಕೆಮ್ಮೂ ಕೊಡಲಿಯೇಟು. ಆದರೂ ಅವರ ನಂತರದ ರೆಕಾರ್ಡುಗಳ ನಿರ್ಮಲ ಮೌನದಲ್ಲಿ ನನಗೆ ಉಸಿರು ಕಟ್ಟುತ್ತದೆ. 2018ರಲ್ಲಿ ಎರಡು ಸಲ ಪಾರ್ಶ್ವವಾಯು ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿತು. ಕೊಲೋನಿನಲ್ಲಿ ಜಪ ಹಿಡಿದದ್ದು ಅದೇ ಕೈ. ಆ ಸುದ್ದಿ ಓದಿದ ಮೇಲೆ ಬಹಳ ದಿನ ಆ ರೆಕಾರ್ಡು ಹಾಕಲು ನನ್ನಿಂದಾಗಲಿಲ್ಲ.

ವೆರಾ ಬ್ರಾಂಡೆಸ್ ಮುಂದೆ ತಮ್ಮದೇ ರೆಕಾರ್ಡ್ ಕಂಪನಿ ಕಟ್ಟಿದರು. ಆ ಕಂಪನಿಯ ಸಿಡಿಗಳಲ್ಲಿ ಒಂದು ನಮ್ಮ ಬೆಂಗಳೂರಿನದು. ಟಿ.ಎ.ಎಸ್. ಮಣಿಯವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತು ಚಾರ್ಲಿ ಮರಿಯಾನೊ ಸೇರಿ ಮಾಡಿದ ‘ಲೈವ್’. ಮರಿಯಾನೊ ಯಾರು? ಮಿಂಗಸ್‌ರ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಅಳುವ ಹಾಗೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವರು. ನಾಗಸ್ವರಕ್ಕೆ ಮನಸೋತು, ಅದನ್ನು ಕಲಿಯಲು ಭಾರತಕ್ಕೆ ಬಂದವರು. ಇದೇ ಬಳಗದೊಡನೆ ಇಸಿಎಂ ಕಂಪನಿಗೆ 1983ರಲ್ಲಿ ‘ಜ್ಯೋತಿ’ ಎಂಬ ರೆಕಾರ್ಡು ಮಾಡಿದ್ದರು. ‘ಜ್ಯೋತಿ’ ಬಲು ಚೊಕ್ಕಟ, ಆರ್.ಎ. ರಮಾಮಣಿಯವರ ಕಂಠ ಅದರಲ್ಲಿ ಮಂಜಿನ ಆಚೆಯಿಂದ ಬಂದ ಹಾಗೆ ಕೇಳುತ್ತದೆ. ನನಗೆ ‘ಲೈವ್’ ಹೆಚ್ಚು ಇಷ್ಟ. ಅದರಲ್ಲಿ ರಮಾಮಣಿಯವರು ಸ್ವರ ಹಾಕುತ್ತ ಬೆನ್ನಟ್ಟಿದರೆ ಮರಿಯಾನೊ ತಪ್ಪಿಸಿಕೊಳ್ಳುವುದಿಲ್ಲ, ತಿರುಗಿ ನಿಂತು ಉತ್ತರ ಕೊಡುತ್ತಾರೆ. ಫ್ಯೂಷನ್ ಎಂಬ ಹೆಸರಿನಲ್ಲಿ ಇಂದು ನಮ್ಮಲ್ಲಿ ನಡೆಯುವ ಬಹಳಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಪಾಠ ಒಪ್ಪಿಸಿ ಕೊನೆಗೆ ಒಟ್ಟಿಗೆ ಮುಕ್ತಾಯ ಮಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದಿರುವುದಿಲ್ಲ.

ಕಿವಿಗೆ ಬಿದ್ದ ಇನ್ನೊಂದು ರೆಕಾರ್ಡು 2008ರ ‘ಕಿನ್ಸ್‌ಮೆನ್’. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು, ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದ ಕದ್ರಿ ಗೋಪಾಲನಾಥರು ಒಂದು ಕಡೆ. ಕರ್ನಾಟಕ ಮೂಲದ ಮನೆಯಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಇನ್ನೊಂದು ಕಡೆ. ಓದುವ ದಿನಗಳಲ್ಲಿ ಅಣ್ಣ ತಮಾಷೆಗೆಂದು ಕೊಟ್ಟ ಕದ್ರಿಯವರ ರೆಕಾರ್ಡು ರುದ್ರೇಶ್ ಅವರ ತಲೆ ಕೆಡಿಸಿತು. ಇಬ್ಬರದೂ ಒಂದೇ ವಾದ್ಯ, ಆಲ್ಟೊ ಸ್ಯಾಕ್ಸೊಫೋನ್. ಕದ್ರಿಯವರು ಸ್ವರದಿಂದ ಸ್ವರಕ್ಕೆ ಜಾರಿ ಹೋಗುತ್ತಾರೆ, ರುದ್ರೇಶ್ ಮೆಟ್ಟಿಲು ಹಾರಿ ಹಾರಿ ಬರುತ್ತಾರೆ. ಎ. ಕನ್ಯಾಕುಮಾರಿಯವರ ಪಿಟೀಲು ಇಬ್ಬರನ್ನೂ ಒಂದೇ ಮನೆಯವರನ್ನಾಗಿ ಮಾಡುತ್ತದೆ. ಇದು ಕಛೇರಿಯ ಮುದ್ರಣವಲ್ಲ, ಆದರೆ ಎದುರುಬದುರು ಕೂತು ನುಡಿಸಿದ ಬಿಸಿ ಅದರಲ್ಲಿದೆ. ಕದ್ರಿಯವರು 2019ರ ಅಕ್ಟೋಬರಿನಲ್ಲಿ ಹೋದರು. ಕನ್ನಡದವರು ಜಾಝ್‌ಗೆ ಏನು ಕೊಟ್ಟರು ಎಂದು ಕೇಳುವವರಿಗೆ ನಾನು ಈ ಸಿಡಿಯನ್ನು ಕೈಗೆ ಕೊಡುತ್ತೇನೆ.

ಲೋಟದ ಸದ್ದನ್ನು ಇಷ್ಟು ಹೊಗಳುವ ನಾನು ಬೆಂಗಳೂರಿನಲ್ಲಿ ಕೂತು ಸಿಟ್ಟು ಮಾಡಿಕೊಂಡದ್ದೂ ಇದೆ. ಊಟ, ಪಾನೀಯದ ಜೊತೆ ಜಾಝ್ ಏರ್ಪಡಿಸುವ ಒಂದು ಜಾಗ. ಹೊರದೇಶದಿಂದ ಬಂದ ಒಳ್ಳೆಯ ಮೂವರ ತಂಡ. ಬಾಸ್ ನುಡಿಸುವವರ ಸರದಿ ಬಂತು, ಇನ್ನಿಬ್ಬರು ಕೈ ತೆಗೆದರು. ತಕ್ಷಣ ಇಡೀ ಕೋಣೆ ಮಾತಿಗೆ ತೊಡಗಿತು, ಸಂಗೀತ ನಿಂತಿತು ಅನ್ನುವ ಹಾಗೆ. ನನ್ನ ಮುಂದಿನ ಮೇಜಿನಲ್ಲಿ ನಾಲ್ಕು ಫೋನುಗಳ ಬೆಳಕು. ಬಾಸ್‌ನವರು ಕಣ್ಣು ಮುಚ್ಚಿಕೊಂಡು ವಾದ್ಯದ ಕತ್ತಿಗೆ ತಲೆ ಆನಿಸಿ ನುಡಿಸುತ್ತಲೇ ಇದ್ದರು. ತಮ್ಮ ಇಪ್ಪತ್ತೈದು ವರ್ಷದ ವಿದ್ಯೆಯನ್ನು ಅವರು ಆ ಮೂರು ನಿಮಿಷದಲ್ಲಿ ಇಟ್ಟರು, ತೆಗೆದುಕೊಳ್ಳಲು ಕೈ ಚಾಚಿದವರು ಹತ್ತು ಜನರೂ ಇರಲಿಲ್ಲ. ಲಫಾರೊ ಎದುರು ಕೂತವರೂ ಹೀಗೇ ಇದ್ದರಲ್ಲ, ಅವರ ಸದ್ದು ನನಗೆ ಪ್ರೀತಿ, ಇವರ ಸದ್ದು ಏಕೆ ಬೇಡ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಲೋಟದ ಸದ್ದು ಅಲ್ಲೇ ಇದ್ದವರ ಸದ್ದು. ಫೋನಿನ ಬೆಳಕು ಎದ್ದುಹೋದವರ ಬೆಳಕು. ನನಗೆ ಸಿಕ್ಕಿರುವ ಉತ್ತರ ಇಷ್ಟೇ. ಇದು ಪೂರ್ತಿ ನ್ಯಾಯದ ಉತ್ತರ ಎಂದು ನಾನು ಹೇಳಲಾರೆ, ಐವತ್ತು ವರ್ಷದ ದೂರ ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡುತ್ತದೆ.

ವ್ಯಾನ್‌ಗಾರ್ಡಿಗೆ ನಾನು ಒಂದೇ ಸಲ ಹೋಗಿದ್ದೇನೆ. ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆಯಿಂದ, ಒಂದು ಸೋಮವಾರ. ಸೋಮವಾರ ಅಲ್ಲಿ ದೊಡ್ಡ ವಾದ್ಯವೃಂದದ ದಿನ, ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ 1966ರಲ್ಲಿ ಶುರುಮಾಡಿದ್ದು ಇಂದಿಗೂ ನಡೆದಿದೆ. ಕೆಂಪು ಬಾಗಿಲು, ಕಡಿದಾದ ಮೆಟ್ಟಿಲು, ಗೋಡೆಯ ತುಂಬ ಫೋಟೊಗಳು. ಕೋಣೆ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಚಿಕ್ಕದು. ಟ್ರಾಂಬೋನ್‌ನವರು ಕೈ ಚಾಚಿದರೆ ಮುಂದಿನ ಮೇಜಿಗೆ ತಾಗೀತು. ಮೊದಲು ಯಾರೋ ಬಂದು ಮಾತಾಡಬಾರದು, ಫೋನು ತೆಗೆಯಬಾರದು ಎಂದು ಹೇಳಿಹೋದರು. ಯಾರೂ ಮಾತಾಡಲಿಲ್ಲ. ದೇವಸ್ಥಾನದಲ್ಲಿ ಕೂತ ಹಾಗೆ ಕೂತಿದ್ದರು. ನಾನೂ ನನ್ನ ಲೋಟವನ್ನು ಕಾಗದದ ಬಿಲ್ಲೆಯ ಮೇಲೆ ಸದ್ದಾಗದ ಹಾಗೆ ಇಟ್ಟೆ.

ಆ ಭಾನುವಾರದ ಐದೂ ಸರದಿಗಳ ಪೂರ್ತಿ ಮುದ್ರಣ 2005ರಲ್ಲಿ ಮೂರು ಸಿಡಿಗಳಾಗಿ ಬಂತು. ಅದರ ಮೊದಲ ಹಾಡು ಲಫಾರೊ ಕಟ್ಟಿದ ‘ಗ್ಲೋರಿಯಾಸ್ ಸ್ಟೆಪ್’. ಎಲ್‌ಪಿಗಳಲ್ಲಿ ಈ ಮೊದಲ ಸರದಿಯದನ್ನು ಬಿಟ್ಟಿದ್ದರು, ಏಕೆಂದರೆ ನುಡಿಸುತ್ತಿರುವಾಗ ಕರೆಂಟ್ ಹೋಗಿ ಮುದ್ರಣ ತುಂಡಾಗಿತ್ತು. ಮಾವನ ಕಣ್ಣಿನ ಪೊರೆ ತೆಗೆಸಿದ ವಾರ ಅವರನ್ನು ನೋಡಲು ಹೋದವನು, ಓದುವುದು ಬೇಡವೆಂದು ವೈದ್ಯರು ಹೇಳಿದ್ದರಿಂದ, ಹೊತ್ತು ಹೋಗಲೆಂದು ಅದನ್ನು ಹಾಕಿದೆ. ಪಿಯಾನೊ ಎಂದು ಮೂತಿ ತಿರುವಿದರೂ ಲಫಾರೊ ಬಾಸಿನ ಮೇಲೆ ಕೈ ಬಿಡುತ್ತಲೇ ಸುಮ್ಮನಾದರು. ತೊಡೆಯ ಮೇಲೆ ತಾಳ ಶುರುವಾಯಿತು. ಆ ಜಾಗ ಬಂತು. ಸಂಗೀತ ಕಡಿದುಹೋಗಿ ಮತ್ತೆ ಹತ್ತಿಕೊಂಡಿತು. ಮೂವರೂ ನುಡಿಸುತ್ತಲೇ ಇದ್ದರು.

“ಏನಾಯ್ತೋ?” ಅಂದರು.

“ಕರೆಂಟ್ ಹೋಯ್ತು ಮಾವ. ನ್ಯೂಯಾರ್ಕಲ್ಲಿ, ಅರವತ್ತೊಂದನೇ ಇಸವೀಲಿ.”

ಕಣ್ಣಿಗೆ ಕಟ್ಟಿದ್ದ ಕಪ್ಪು ಕನ್ನಡಕದ ಒಳಗೇ ನಕ್ಕರು. ಚಪ್ಪರದ ಕಛೇರಿಗಳಲ್ಲಿ ಅವರು ಎಷ್ಟು ಸಲ ಕಂಡ ಕತೆ ಅದು! “ಮೈಕಿಗೆ ಕರೆಂಟ್ ಹೋಯ್ತು, ಅವರ ಕೈಗೆ ಹೋಗ್ಲಿಲ್ಲ ನೋಡು. ಇನ್ನೊಂದ್ಸಲ ಹಾಕು.”

ಹಾಕಿದೆ. ಈ ಸಲ ತಾಳ ನಿಲ್ಲಿಸಿ ಕೈ ಮಡಚಿ ಕೇಳಿದರು. ಕಡಿದ ಜಾಗ ದಾಟಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

“ಹಂಗಾದ್ರೆ ಆ ಮಧ್ಯದ್ದು?”

“ಟೇಪಿಗೆ ಬಂದಿಲ್ಲ. ಹೋಯ್ತು.”

“ಹೋಗೋದೆಲ್ಲಿಗೆ” ಅಂದರು ಮಾವ. “ಅಲ್ಲಿ ಲೋಟ ಹಿಡ್ಕೊಂಡು ಕೂತಿದ್ರಲ್ಲ, ಅವರಿಗೆ ಸಿಕ್ತು.”